ಎಡಗೈ ತಾನೆ

ನಂಜನಗೂಡಿನಲ್ಲಿ ನನಗಿದ್ದ ಹೆಸರು ‘ಕರೆಂಟು ಕೊಡೋ ಮೇಡಂ’. ತೊಂಬತ್ತರ ದಶಕದ ಕೊನೆಯ ಮಾತು ಇದು. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ಮುಗಿಸಿದವಳು ವಾರದಲ್ಲಿ ನಾಲ್ಕು ದಿನ ನಂಜನಗೂಡಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ, ಇನ್ನೆರಡು ದಿನ ನಮ್ಮೂರಾದ ಟಿ. ನರಸೀಪುರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ನೋವಿರುವ ಜಾಗಕ್ಕೆ ಒದ್ದೆ ಬಟ್ಟೆ ಸುತ್ತಿದ ಎರಡು ರಬ್ಬರ್ ಬಿಲ್ಲೆ ಕಟ್ಟಿ ಮೆಷಿನ್ನಿನ ಗುಂಡಿ ತಿರುಗಿಸಿದರೆ ಜುಮುಜುಮು ಎನ್ನುತ್ತದೆ. ಬಂದವರಿಗೆ ಬೇಕಾಗಿದ್ದದ್ದು ಆ ಜುಮುಜುಮು ಒಂದೇ. ಅದಾದ ಮೇಲೆ ನಾನು ಹೇಳಿಕೊಡುತ್ತಿದ್ದ ವ್ಯಾಯಾಮ ಅವರ ಪಾಲಿಗೆ ಅಂಗಡಿಯವನು ಕೊನೆಗೆ ಕೈಗಿಡುವ ಕೊಸರು. ಊರಿನಲ್ಲಿ ಕರೆಂಟು ಹೋದ ದಿನ ಬೆಂಚಿನ ಮೇಲೆ ಕೂತವರೆಲ್ಲ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ನಾನು ಒಳಗೇ ಇದ್ದೇನೆ, ನನ್ನ ಎರಡು ಕೈಯೂ ನೆಟ್ಟಗಿವೆ ಎನ್ನುವುದು ಯಾರಿಗೂ ಮುಖ್ಯವಾಗುತ್ತಿರಲಿಲ್ಲ.

ನನಗೆ ಇದು ಅವಮಾನ. ಯಾಕೆಂದರೆ ನಾನು ಕಲಿಸುವುದನ್ನು ಓದಿ ಬಂದವಳು ಎಂದುಕೊಂಡಿದ್ದೆ. ಕೊನೆಯ ವರ್ಷದಲ್ಲಿ, ರೋಗಿಗಳಿಗೆ ಹೇಗೆ ಕಲಿಸಬೇಕು ಎಂಬುದರ ಮೇಲೆ ನಮಗೊಂದು ಪಾಠವಿತ್ತು. ಸರಿಯಾಗಿ ಮಾಡಿದಾಗ ಭೇಷ್ ಎಂದರೆ ಮತ್ತೆ ಮಾಡುತ್ತಾರೆ ಎನ್ನುವುದು ಒಂದು ಸಿದ್ಧಾಂತ. ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸದ ಬಾಲಕ್ಕೆ ಕಟ್ಟಬೇಕು ಎನ್ನುವುದು ಇನ್ನೊಂದು. ದೊಡ್ಡವರು ಮಕ್ಕಳಂತಲ್ಲ, ತಮ್ಮ ಬದುಕಿಗೆ ಬೇಕಾದ್ದನ್ನು ಮಾತ್ರ ಕಲಿಯುತ್ತಾರೆ ಎಂದೂ ಒಂದಿತ್ತು. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಅದನ್ನು ಒಂದೇ ಸಲ ಓದಿ ಪುಟ ತಿರುಗಿಸಿದ್ದೆ. ನನಗೆ ಬಹಳ ಹಿಡಿಸಿದ್ದು, ಮನುಷ್ಯರಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮೂರು ಬಗೆ ಎನ್ನುವ ಮಾತು. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರೋಗಿಯ ಚೀಟಿಯ ಮೂಲೆಯಲ್ಲಿ ನೋ, ಕೇ, ಮಾ ಎಂದು ಒಂದಕ್ಷರ ಬರೆಯತೊಡಗಿದೆ. ಅಕ್ಷರ ಬಿತ್ತೆಂದರೆ ಅರ್ಧ ಕೆಲಸ ಮುಗಿಯಿತೆಂದು ನಂಬಿದ್ದೆ.

ಟಿ. ನರಸೀಪುರದಲ್ಲಿ ಇದು ಒಂದು ಸಲ ಕೈ ಹಿಡಿದದ್ದೇ ತಪ್ಪಾಯಿತು. ಭುಜ ಬಿಗಿದುಕೊಂಡಿದ್ದ ಸೋಸಲೆಯ ರೈತರೊಬ್ಬರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ‘ಮಾ’ ಎಂದು ಬರೆದು, ಅವರ ಹಳೆಯ ಬಾವಿಯ ರಾಟೆಯನ್ನು ಹಟ್ಟಿಯ ತೊಲೆಗೆ ಕಟ್ಟಿಸಿ, ಹಗ್ಗ ಹಾಕಿ, ಒಂದು ಕೈ ಎಳೆದರೆ ಇನ್ನೊಂದು ಕೈ ಮೇಲೇಳುವಂತೆ ಮಾಡಿಸಿದೆ. ಕೆಲವು ವಾರಗಳಲ್ಲಿ ತಾವೇ ತಲೆಗೆ ಟವೆಲ್ ಸುತ್ತಿಕೊಳ್ಳುವಂತಾದರು. ಆಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹುಲ್ಲಹಳ್ಳಿಯ ಆ ಅಮ್ಮ ನಂಜನಗೂಡಿಗೆ ಬಂದದ್ದು ಅದೇ ಮಳೆಗಾಲದಲ್ಲಿ. ಐವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ನಾಲೆ ಬಯಲಿನಲ್ಲಿ ಗದ್ದೆ, ಮಗನಿಗೆ ಗೊಬ್ಬರದ ಅಂಗಡಿ. ಬಚ್ಚಲಿನಲ್ಲಿ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿದಿತ್ತು. ಆರು ವಾರ ಹಾಕಿದ್ದ ಸಿಮೆಂಟು ಪಟ್ಟಿ ತೆಗೆದ ಮೇಲೆ ಬೆರಳುಗಳು ಆಡುತ್ತಿದ್ದವು, ಮುಷ್ಟಿ ಕಟ್ಟುತ್ತಿತ್ತು. ಅಂಗೈ ಮಾತ್ರ ಮೇಲಕ್ಕೆ ತಿರುಗುತ್ತಿರಲಿಲ್ಲ. ಹೊಟ್ಟೆಯ ಕಡೆ ಮುಖ ಮಾಡಿ ಅಲ್ಲಿಗೇ ನಿಂತುಬಿಡುತ್ತಿತ್ತು. ಎರಡು ತಿಂಗಳೊಳಗೆ ತಿರುಗದಿದ್ದರೆ ಆಮೇಲೆ ತಿರುಗುವುದು ಕಷ್ಟ ಎಂದು ಮೂಳೆ ಡಾಕ್ಟರು ಅವರೆದುರಿಗೇ ಹೇಳಿದರು. ಸಮಾಧಾನ ಹೇಳುವ ಉತ್ಸಾಹ ನನಗೆ.

‘ಎಡಗೈ ತಾನೆ ಬಿಡಿ ಅಮ್ಮ, ಊಟಕ್ಕೆ ಬಲಗೈ ಇದ್ಯಲ್ಲ’ ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ, ಎದೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಸಮಾಧಾನವಾಯಿತೆಂದೇ ನಾನು ತಿಳಿದೆ.

ಕೈ ಹಿಡಿದು ಕೂತವಳನ್ನು ನಮ್ಮ ಕಡೆ ಯಾರಾದರೂ ಕೇಳುವ ಪ್ರಶ್ನೆಯನ್ನು ಅವರೂ ಕೇಳಿದರು, ಯಾವ ಊರು, ಯಾವ ಪೈಕಿ ಎಂದು. ನಮ್ಮ ತಂದೆ ಸ್ಕೂಲು ಮೇಷ್ಟ್ರು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟ ತೂಗುಹಾಕಿದ್ದರು. ‘ಬೌದ್ಧರು’ ಎಂದೆ. ನಮ್ಮ ಸೀಮೆಯಲ್ಲಿ ಆ ಉತ್ತರ ಕೇಳಿದವರಿಗೆ ಹಳೆಯ ಜಾತಿಯ ಹೆಸರು ತಾನಾಗಿ ಹೊಳೆಯುತ್ತದೆ. ಅವರು ‘ಓ’ ಎಂದರು. ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರೋ ಏನೋ, ಊಹಿಸಿದೆ, ಕೇಳಲಿಲ್ಲ. ಆ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವುದನ್ನು ಆ ಹೊತ್ತಿಗೆ ಬಿಟ್ಟಿದ್ದೆ. ಇಡೀ ದಿನ ಜನರ ಕೈಕಾಲು ಮುಟ್ಟುವ ಕೆಲಸ. ಸಿಟ್ಟು ಮಾಡಿಕೊಂಡರೆ ಸಂಜೆಯ ಬಸ್ಸಿಗೆ ಶಕ್ತಿ ಉಳಿಯುವುದಿಲ್ಲ.

ಅವರು ಕಲಿಯಬೇಕಾದದ್ದು ಸಣ್ಣ ವಿಷಯ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಅಂಗೈ ಮೇಲೆ ಮಾಡಬೇಕು. ಮೊಣಕೈ ಹೊಟ್ಟೆಯ ಮುಂದಕ್ಕೆ ಸರಿದರೆ ಅಂಗೈ ತಿರುಗಿದಂತೆ ಕಾಣುತ್ತದೆ, ಆದರೆ ತಿರುಗಿರುವುದು ಭುಜ. ಮೈ ಆಡುವ ಕಳ್ಳಾಟ ಅದು. ಅದಕ್ಕೇ ಕಂಕುಳಲ್ಲಿ ಮಡಿಸಿದ ಟವೆಲ್ ಇಟ್ಟು, ಬೀಳದಂತೆ ಹಿಡಿಯಲು ಹೇಳುತ್ತೇವೆ. ‘ಮೊಣಕೈ ಪಕ್ಕೆಗೆ’ ಎನ್ನುವುದನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆಂದು ತಂಗಿ ಆಡಿಕೊಳ್ಳುತ್ತಿದ್ದಳು.

ಮೊದಲು ಬಾಯಲ್ಲಿ ಹೇಳಿದೆ. ತೀರ್ಥ ತೆಗೆದುಕೊಳ್ಳುವ ಹಾಗೆ ಅಂಗೈ ಮೇಲೆ ಮಾಡಿ ಎಂದೆ. ಅವರು ತಟ್ಟನೆ ಬಲಗೈ ಚಾಚಿದರು. ಆ ಕೈಯಲ್ಲ ಎಂದೆ. ಎಡಗೈ ಕದಲಲಿಲ್ಲ. ಮತ್ತೆ ತೀರ್ಥ ಎಂದೆ, ಮತ್ತೆ ಬಲಗೈ ಬಂತು. ಎಡಗೈಯಲ್ಲಿ ಯಾರು ತಾನೆ ತೀರ್ಥ ತೆಗೆದುಕೊಳ್ಳುತ್ತಾರೆ? ಈಗ ನಗು ಬರುತ್ತದೆ. ಅವತ್ತು ಗಂಭೀರವಾಗಿ ‘ಕೇ’ ಎಂಬ ಅಕ್ಷರವನ್ನು ಹೊಡೆದು ಹಾಕಿದೆ. ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದಿದ್ದ ಕೈಯ ಚಿತ್ರವನ್ನು ಎದುರಿಗೆ ಹಿಡಿದೆ. ಅದು ಅವರಿಗೆ ಕನ್ನಡಿಯೊಳಗಿನದರಂತೆ ಅದಲುಬದಲಾಗಿ ಕಂಡಿರಬೇಕು, ಪುನಃ ಬಲಗೈ. ‘ನೋ’ ಕೂಡ ಹೋಯಿತು. ಉಳಿದದ್ದು ‘ಮಾ’. ನಾನೇ ಕೈ ಹಿಡಿದು ತಿರುಗಿಸಿದೆ. ಅವರ ಕಣ್ಣಲ್ಲಿ ನೀರು ನಿಂತಿತು. ‘ಶಿವನೇ’ ಎಂದರು, ಅಷ್ಟೆ.

ಮನೆಯಲ್ಲಿ ಮಾಡಲಿಕ್ಕೆ ಸೌಟಿನ ಹಿಡಿಯ ತುದಿ ಹಿಡಿದು ಆಚೆ ಈಚೆ ತಿರುಗಿಸುವುದನ್ನು ಹೇಳಿಕೊಟ್ಟೆ. ಸೌಟಿನ ಭಾರಕ್ಕೆ ಕೈ ತಾನಾಗಿ ಒಂದಿಷ್ಟು ತಿರುಗುತ್ತದೆ. ಮರೆಯದಿರಲೆಂದು ಅದನ್ನು ಹಳೆಯ ಅಭ್ಯಾಸದ ಬಾಲಕ್ಕೂ ಕಟ್ಟಿದೆ. ಡಾಕ್ಟರು ಮಾತ್ರೆ ಬರೆದುಕೊಡುವ ಧಾಟಿಯಲ್ಲೇ ಮೂರು ಹೊತ್ತು, ಊಟ ಆದ ಮೇಲೆ ಎಂದೆ. ಊಟ ಆದ ಮೇಲೆಯೇ ಮಾಡಬೇಕಾ ಎಂದು ಅವರು ತಿರುಗಿ ಕೇಳಿದರು. ಊಟ ಆದ ಮೇಲೆಯೇ ಎಂದು ಒತ್ತಿ ಹೇಳಿದೆ. ಮನುಷ್ಯರ ಅಭ್ಯಾಸಗಳಲ್ಲಿ ಊಟದಷ್ಟು ಗಟ್ಟಿಯಾದದ್ದು ಇನ್ಯಾವುದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವಾರಕ್ಕೆ ಎರಡು ಸಲ ಬರುತ್ತಿದ್ದರು. ಬಂದಾಗಲೆಲ್ಲ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ನೋಡುತ್ತಿದ್ದೆ. ಮೊದಲ ವಾರ ಅಂಗೈ ಸ್ವಲ್ಪ ತಿರುಗಿತು. ಎರಡನೆಯ ವಾರ ನಿಂತ ಕಡೆಯೇ ನಿಂತಿತು. ಮೂರನೆಯ ವಾರ ಒಂದು ಕೂದಲೆಳೆಯಷ್ಟು ಹಿಂದಕ್ಕೇ ಹೋಗಿತ್ತು. ಹೇಳಿದಂತೆ ಮಾಡುತ್ತಿದ್ದೀರಾ ಎಂದರೆ, ‘ಊಟ ಆದ್ಮೇಲೆ ಒಂದಿನಾನೂ ತಪ್ಪಿಸಿಲ್ಲ ಕಣವ್ವ’ ಎನ್ನುತ್ತಿದ್ದರು. ಮೂರು ಹೊತ್ತು ಮಾಡಿದ ಕೈ ಹೀಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ತಾಳ್ಮೆ ಯಾವತ್ತೂ ಅಷ್ಟು ಉದ್ದದ್ದಲ್ಲ. ಬೆಂಚಿನ ಮೇಲೆ ನಾಲ್ಕು ಜನ ಕೂತಿರುವಾಗಲೇ, ಮಾಡದೆ ಮಾಡಿದೆನೆಂದು ಸುಳ್ಳು ಹೇಳಿದರೆ ನನಗೇನೂ ನಷ್ಟವಿಲ್ಲ, ಕೈ ನಿಮ್ಮದು ಎಂದುಬಿಟ್ಟೆ. ಅವರು ಟವೆಲನ್ನು ನಾಲ್ಕು ಮಡಿಕೆ ಮಾಡಿ ವೈರ್ ಬ್ಯಾಗಿಗೆ ಹಾಕಿಕೊಂಡು ಹೊರಟರು.

ಮುಂದಿನ ಎರಡು ಸರದಿಗೂ ಬರಲಿಲ್ಲ. ಚೀಟಿಯ ಮೇಲೆ ‘ಸಹಕಾರವಿಲ್ಲ’ ಎಂದು ಬರೆದು ಮೂಳೆ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಹೆಚ್ಚು ಮಾತಿನವರಲ್ಲ. ಸಹಕಾರವಿಲ್ಲ ಎಂದು ಬರೆಯುವುದು ಸುಲಭ, ಯಾಕಿಲ್ಲ ಅಂತ ಇನ್ನೊಂದು ಸಾಲು ಬರೆದುಕೊಂಡು ಬಾ ಎಂದು ಚೀಟಿಯನ್ನು ನನ್ನ ಕಡೆಗೇ ತಳ್ಳಿದರು.

ಭಾನುವಾರ ಹುಲ್ಲಹಳ್ಳಿ ಬಸ್ಸು ಹತ್ತಿದೆ. ನನ್ನ ತಪ್ಪಿರಬಹುದೆಂದು ಹೋದವಳಲ್ಲ ನಾನು. ಅವರ ಸೋಮಾರಿತನಕ್ಕೆ ಸಾಕ್ಷಿ ತರಲು ಹೋದವಳು. ನಾಲೆಗೆ ನೀರು ಬಿಟ್ಟಿದ್ದರು, ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿ ಮನೆಯ ಬೀದಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು.

ಅವರು ಜಗಲಿಯ ಮೇಲೆ ಕೂತಿದ್ದರು. ಆಗಷ್ಟೇ ಉಂಡು ಬಂದು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಟವೆಲನ್ನು ನಾನು ಹೇಳಿದ ಮಡಿಕೆಯಲ್ಲೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು, ಹಿತ್ತಾಳೆ ಸೌಟು ತೆಗೆದುಕೊಂಡರು, ಬಾಯಲ್ಲಿ ಎಣಿಸುತ್ತ ತಿರುಗಿಸತೊಡಗಿದರು. ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಮೊಣಕೈ ಅಲುಗಲಿಲ್ಲ, ಟವೆಲ್ ಬೀಳಲಿಲ್ಲ. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

ನನ್ನನ್ನು ಕಂಡು ಅವರು ಮುಖ ತಿರುಗಿಸಿಕೊಳ್ಳಲಿಲ್ಲ. ಬನ್ನಿ ಕೂತ್ಕಳಿ ಎಂದು ಜಗಲಿ ತೋರಿಸಿದರು. ಸೊಸೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟಳು. ಕುಡಿದ ಲೋಟವನ್ನು ನಾನೇ ತೊಳೆದಿಡಬೇಕೇನೋ ಎಂದು ಒಂದು ಗಳಿಗೆ ಯೋಚಿಸಿದೆ. ಅವಳೇ ಬಂದು ತೆಗೆದುಕೊಂಡು ಹೋದಳು. ಇಂಥದನ್ನೆಲ್ಲ ಗಮನಿಸುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ, ಸಿದ್ಧಾಂತಕ್ಕಿಂತ ಹಳೆಯದು.

‘ಬೆಳಿಗ್ಗೆ ಮಾಡಿದ್ರಾ ಅಮ್ಮ?’ ಎಂದು ಕೇಳಿದೆ.

‘ಬೆಳಿಗ್ಗೆ ಎಲ್ಲುಂಡೆ ನಾನು? ಒಪ್ಪತ್ತು ಇವ್ನಿ ಕಣವ್ವ. ಸ್ರಾವಣ ಕಳಿಯೋಗಂಟ ಉಣ್ಣದೇ ಒಂದೊತ್ತು. ಊಟ ಆದ್ಮೇಲೆ ಮಾಡಿ ಅಂತ ನೀವೇ ಏಳಿದ್ರಲ್ಲ.’

ಒಪ್ಪತ್ತು ಎಂದರೆ ದಿನಕ್ಕೊಂದೇ ಊಟದ ವ್ರತ. ಸೋಮವಾರಗಳಲ್ಲಿ ಬಹಳ ಜನ ಇರುತ್ತಾರೆ. ಅವರು ಶ್ರಾವಣ ಮಾಸ ಪೂರ್ತಿ ಹಿಡಿದಿದ್ದರು. ನನ್ನ ಚೀಟಿಯಲ್ಲಿ ಕೈ ನಿಂತುಹೋದ ಎರಡನೆಯ ವಾರಕ್ಕೂ ಶ್ರಾವಣ ಶುರುವಾದದ್ದಕ್ಕೂ ಸರಿಯಾಗಿ ತಾಳೆಯಾಯಿತು. ಕೈ ಹೀಗಿರುವಾಗ ಈ ವ್ರತ ಯಾಕೆ ಬೇಕಿತ್ತು ಎಂದೆ, ಇನ್ನೂ ಸ್ವಲ್ಪ ಜೋರಾಗಿಯೇ.

‘ಕೈ ಸರೋಗ್ಲಿ ಅಂತ್ಲೇ ಇಡ್ದಿರದು’ ಎಂದರು.

ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವರನ್ನು ನಾಲ್ಕು ಜನರೆದುರು ಸುಳ್ಳಿ ಎಂದಿದ್ದೆ. ನಾಚಿಕೆಯಾಯಿತು. ಕ್ಷಮಿಸಿ ಎಂದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಸೌಟನ್ನು ಕೆಳಗಿಟ್ಟರು. ಏನಾದರೂ ಮಾತಾಡಬೇಕಲ್ಲ ಎಂದು, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಈ ಕೈಯಲ್ಲಿ ನಿಮಗೆ ಏನು ಮಾಡಬೇಕು ಅಂತ ಆಸೆ?

ಅವರು ಬಲಗೈಯನ್ನು ಎದೆಗೆ ಒಯ್ದು ಸೆರಗಿನ ಕೆಳಗಿದ್ದ ಬೆಳ್ಳಿಯ ಕರಡಿಗೆಯನ್ನು ಮುಟ್ಟಿಕೊಂಡರು. ಲಿಂಗ ಇರುವ ಡಬ್ಬಿ ಅದು. ಆ ಮನೆಗಳಲ್ಲಿ ಹೆಂಗಸರೂ ಗಂಡಸರೂ ಕೊರಳಲ್ಲಿ ಕಟ್ಟಿರುತ್ತಾರೆ, ದಿನವೂ ತೆಗೆದು ಪೂಜೆ ಮಾಡುತ್ತಾರೆ.

‘ಇದ್ನ ಅಂಗೈ ಮೇಲೆ ಇಟ್ಕಂಡು ಎರಡ್ ತಿಂಗ್ಳಿನ್ ಮೇಲಾಯ್ತು. ಡಬ್ಬಿ ಮೇಲೇ ಕೈ ಮುಗ್ದು ಸುಮ್ನಾಯ್ತಿವ್ನಿ. ಎಡಗೈ ತಾನೆ ಅಂದ್ರಿ ನೀವು. ಅವ್ನು ಕೂರದು ಈ ಕೈ ಮೇಲೇ ಅಲ್ವಾ?’

ಬಲಗೈ ಪೂಜಿಸುವ ಕೈ, ಎಡ ಅಂಗೈ ಲಿಂಗದ ಪೀಠ. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಕೇಳಿ ಗೊತ್ತಿತ್ತು, ನೋಡಿ ಗೊತ್ತಿರಲಿಲ್ಲ. ಅಂಥ ಮನೆಗಳ ಒಳಕ್ಕೆ ನಾನು ಹೋದವಳಲ್ಲ. ಊಟಕ್ಕೆ ಬಾರದ ಕೈ ಎಂದು ನಾನು ತಳ್ಳಿಹಾಕಿದ ಕೈ ಅವರಿಗೆ ಎಲ್ಲಕ್ಕಿಂತ ಮೊದಲ ಕೈಯಾಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ನೀವು ನಮ್ಮೋರಲ್ವಲ್ಲ, ಹೆಂಗೆ ಹೇಳೋದು ಅಂತ ಸುಮ್ಮನಾದೆ ಎಂದರು, ಮುಚ್ಚುಮರೆಯಿಲ್ಲದೆ. ಆ ಮಾತು ನನಗೆ ಚುಚ್ಚಿತು. ಆದರೆ ಕೇಳದೇ ಇದ್ದವಳು ನಾನು, ಹೇಳದೇ ಇದ್ದವರು ಅವರು. ಇಬ್ಬರ ಪಾಲೂ ಸಮವಾಗಿತ್ತು.

ಅಲ್ಲೇ ಜಗಲಿಯ ಮೇಲೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆವು. ಊಟವನ್ನು ಕೈಬಿಟ್ಟು ಹೊತ್ತು ಮೂಡಿದಾಗ, ಹೊತ್ತು ನೆತ್ತಿಗೆ ಬಂದಾಗ, ದೀಪ ಹಚ್ಚುವಾಗ ಎಂದು ಗೊತ್ತುಮಾಡಿದೆವು. ಸೂರ್ಯ ಒಪ್ಪತ್ತು ಇರುವುದಿಲ್ಲವಲ್ಲ ಎಂದೆ. ಸೊಸೆ ನಕ್ಕಳು. ಅಂಗೈ ಎಷ್ಟು ಸಮನಾಗಿದೆ ಎಂದು ಅವರಿಗೇ ತಿಳಿಯಲು ಒಂದು ನಿಂಬೆಹಣ್ಣು ಇಟ್ಟು ನೋಡಿ ಎಂದೆ. ಅವರು ಒಪ್ಪಲಿಲ್ಲ, ಒಳಗೆ ಹೋಗಿ ಒಂದು ವಿಭೂತಿ ಗಟ್ಟಿ ತಂದರು. ಅಂಗೈ ಓರೆಯಾಗಿದ್ದರೆ ಅದು ಕಿರುಬೆರಳಿನ ಕಡೆಯಿಂದ ಜಾರಿ ಮಡಿಲಿಗೆ ಬೀಳುತ್ತಿತ್ತು. ತೀರ್ಥ, ಚಿತ್ರ, ಸೌಟು ಯಾವುದರಿಂದಲೂ ಆಗದಿದ್ದದ್ದು ಆ ಬಿಳಿಯ ತುಂಡಿನಿಂದ ಆಯಿತು. ‘ಪೂಜೆಗೆ ಕೂತ ಹಾಗೆ’ ಎಂದು ನಾನು ಬಾಯಿ ತೆರೆಯುವಷ್ಟರಲ್ಲೇ ಎಡಗೈ ಹೊರಟಿತು, ಎರಡು ತಿಂಗಳಿನಲ್ಲಿ ಮೊದಲ ಸಲ ಬಲಗೈಯನ್ನು ಕಾಯದೆ. ಹೋಗುವಷ್ಟು ದೂರ ಹೋಗಿ ನಿಂತಿತು. ಅವರು ಕೇಳಿ ಕಲಿಯುವವರೇ ಆಗಿದ್ದರು. ಹೇಳುವ ಮಾತು ನನಗೆ ಗೊತ್ತಿರಲಿಲ್ಲ, ಅಷ್ಟೆ.

ನಂಜನಗೂಡಿಗೆ ವಾಪಸ್ಸು ಬಂದು ಡಾಕ್ಟರಿಗೆ ಇನ್ನೊಂದು ಸಾಲು ಬರೆದುಕೊಟ್ಟೆ: ‘ಹೇಳಿದವಳ ತಪ್ಪು’. ಅವರು ಓದಿ ಸಹಿ ಹಾಕಿದರು.

ಆಮೇಲೆ ನೋ, ಕೇ, ಮಾ ಬರೆಯುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಎರಡು ಸಾವಿರದ ಇಸವಿ ದಾಟಿ, ಟಿ. ನರಸೀಪುರದಲ್ಲಿ ನನ್ನದೇ ಕ್ಲಿನಿಕ್ ತೆರೆದ ಮೇಲೂ ಕೆಲವು ವರ್ಷ ಬರೆಯುತ್ತಿದ್ದೆ. ಅದರ ಮೇಲುಗಡೆ ಇನ್ನೊಂದು ಸಾಲಿಗೆ ಜಾಗ ಬಿಡುತ್ತಿದ್ದೆ, ಈ ಕೈಯಲ್ಲಿ, ಈ ಕಾಲಲ್ಲಿ ಏನು ಮಾಡಬೇಕು ಎಂದು. ಎಲ್ಲರೂ ಮೊದಲು ‘ಎಲ್ಲಾ ಕೆಲ್ಸಾನೂ ಮಾಡ್ಬೇಕು’ ಎನ್ನುತ್ತಾರೆ. ಒಂದು ನಿಮಿಷ ಸುಮ್ಮನೆ ಕೂತರೆ ನಿಜವಾದದ್ದು ಹೊರಗೆ ಬರುತ್ತದೆ. ಮೊಮ್ಮಗಳಿಗೆ ಜಡೆ ಹಾಕಬೇಕು, ಸೈಕಲ್ಲಿನಿಂದ ಮರ್ಯಾದೆಯಾಗಿ ಇಳಿಯಬೇಕು. ಹೆಡತಲೆ ಊರಿನ ಒಬ್ಬ ಮುದುಕರು ಯಾರ ಸಹಾಯವೂ ಇಲ್ಲದೆ ಬಯಲಿಗೆ ಹೋಗಿ ಕೂತು ಏಳಬೇಕು ಎಂದಿದ್ದರು. ಒಂದೇ ಸಲ ಓದಿ ಪುಟ ತಿರುಗಿಸಿದ್ದ ಆ ಪಾಠವನ್ನು ನಾನು ಹೀಗೆ ಚೂರುಚೂರಾಗಿ ಓದಿದೆ. ಸುಮ್ಮನೆ ಕೂರುವುದು ಮಾತ್ರ ನನಗೆ ಇವತ್ತಿಗೂ ಕಷ್ಟ.

ಆ ವರ್ಷದ ಗೌರಿ ಹಬ್ಬ ಕಳೆದ ಸ್ವಲ್ಪ ದಿನಕ್ಕೆ ನರ್ಸಿಂಗ್ ಹೋಮಿಗೆ ಹುಲ್ಲಹಳ್ಳಿಯ ಅಮ್ಮನ ಮಗನ ಫೋನ್ ಬಂತು. ವಿಭೂತಿ ಗಟ್ಟಿ ಈಗ ಬೀಳುತ್ತಿಲ್ಲ, ಸೋಮವಾರ ಅಮ್ಮ ಕೈ ಮೇಲೆ ಪೂಜೆ ಮಾಡುತ್ತಾರಂತೆ, ನೀವು ಬರಬೇಕಂತೆ ಎಂದರು. ನಾನು ಯಾಕೆ ಎಂದೆ. ಅದೆಲ್ಲ ನನಗೆ ಗೊತ್ತಿಲ್ಲ, ಕರೆಯಲು ಹೇಳಿದರು, ಕರೆದೆ ಎಂದರು.

ಸೋಮವಾರ ಮೊದಲ ಬಸ್ಸಿಗೆ ಹೋದೆ. ಈ ಸಲ ಸೊಸೆ ಜಗಲಿ ದಾಟಿಸಿ ನಡುಮನೆಯಲ್ಲಿ ಚಾಪೆ ಹಾಸಿದಳು. ಅದನ್ನೂ ಗಮನಿಸಿದೆ. ನಡುಮನೆಯ ಕೊನೆಗೆ ದೇವರ ಕೋಣೆ. ಅಮ್ಮ ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿಕೊಂಡು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋಗಿ ಮಣೆಯ ಮೇಲೆ ಕೂತರು. ಲಿಂಗ ಜಾರಿ ಕೆಳಗೆ ಬಿದ್ದರೆ ಏನು ಗತಿ ಎನ್ನುವ ಭಯ ಅವರ ಮುಖದಲ್ಲಿತ್ತು. ಅದು ಬೀಳಬಾರದ ವಸ್ತು.

ಅವರು ಕರಡಿಗೆಯ ಮುಚ್ಚಳಕ್ಕೆ ಕೈ ಹಾಕಿದಾಗ ಸೊಸೆ ಬಾಗಿಲು ಎಳೆಯಲು ಹೋದಳು. ಲಿಂಗ ಕಟ್ಟದವರ ಕಣ್ಣಿಗೆ ಅದು ಬೀಳಬಾರದೆನ್ನುವುದು ನನಗೂ ಗೊತ್ತಿತ್ತು. ನಾನಾಗಿಯೇ ಬೀದಿ ಬಾಗಿಲಿನ ಕಡೆ ಮುಖ ತಿರುಗಿಸಿಕೊಂಡಿದ್ದೆ. ಒಳಗಿನಿಂದ ಅವರ ದನಿ ಬಂತು.

‘ಮುಚ್ಬೇಡ ಕಣವ್ವ. ಕೈ ನೆಟ್ಗಾಗದ್ಯಾ ಇಲ್ವಾ ಅಂತ ಅವ್ರು ನೋಡ್ಬೇಕು.’

ಸೊಸೆ ಅರ್ಧ ಎಳೆದಿದ್ದ ಬಾಗಿಲನ್ನು ಬಿಟ್ಟಳು. ಇದನ್ನು ಯಾರಾದರೂ ದೊಡ್ಡ ಮನಸ್ಸು ಎಂದರೆ ನಾನು ಒಪ್ಪುವುದಿಲ್ಲ. ಅವರಿಗೆ ನನ್ನ ಕಣ್ಣು ಬೇಕಾಗಿತ್ತು, ಕರೆಸಿಕೊಂಡರು. ಹಾಗೆ ಕರೆಸಿಕೊಂಡದ್ದೇ ನನಗೆ ಸಾಕಾಗಿತ್ತು. ತಿರುಗಿ ಕೂತು ನೋಡಿದೆ. ಎಡ ಅಂಗೈ ಎದೆಯ ಮಟ್ಟಕ್ಕೆ ಬಂದಿತ್ತು, ಅದರ ಮೇಲೆ ಕಪ್ಪಗೆ, ಪುಟ್ಟದಾಗಿ ಲಿಂಗ. ಅಂಗೈ ಕಿರುಬೆರಳಿನ ಕಡೆಗೆ ಒಂದಿಷ್ಟು ಇಳಿದಿತ್ತು. ಅದನ್ನು ಸರಿದೂಗಿಸಲು ಮೊಣಕೈ ಪಕ್ಕೆ ಬಿಟ್ಟು ಹೊಟ್ಟೆಯ ಮುಂದಕ್ಕೆ ಸರಿಯತೊಡಗಿತ್ತು, ಅದೇ ಹಳೆಯ ಕಳ್ಳಾಟ. ಆ ಕೋಣೆಯಲ್ಲಿ ಬಾಯಿ ತೆರೆಯುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಯೋಚಿಸುವ ಮೊದಲೇ ಮಾತು ಹೊರಗೆ ಬಂದಿತ್ತು.

‘ಮೊಣಕೈ ಪಕ್ಕೆಗೆ’ ಎಂದೆ.

ಅವರು ಲಿಂಗದಿಂದ ಕಣ್ಣು ಕೀಳದೆ ಮೊಣಕೈಯನ್ನು ಪಕ್ಕೆಗೆ ತಂದುಕೊಂಡರು.